ಅಮೆರಿಕದ ಪಿಜಿ ಅರ್ಜಿಯಲ್ಲಿ ಅಲ್ಪಸಂಖ್ಯಾತ ಹಿನ್ನೆಲೆ: ಎಲ್ಲಿ ಹೇಳಬೇಕು, ಹೇಗೆ ಹೇಳಬೇಕು

ನಮ್ಮ ಮೀಸಲಾತಿಯಂತೆ ಇಷ್ಟು ಸೀಟು ಇಂಥ ಸಮುದಾಯಕ್ಕೆ ಎಂದು ತೆಗೆದಿಡುವುದು ಅಮೆರಿಕದಲ್ಲಿಲ್ಲ. 1978ರಲ್ಲಿ ಬಾಕಿ (Bakke) ಎಂಬ ಅಭ್ಯರ್ಥಿಯ ಪ್ರಕರಣದಲ್ಲೇ ಅಲ್ಲಿನ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತ್ತು. ಜನಾಂಗವನ್ನು ಹಲವು ಅಂಶಗಳಲ್ಲಿ ಒಂದಾಗಿ ಪರಿಗಣಿಸಲು ಮಾತ್ರ ಅವಕಾಶ ಉಳಿದಿತ್ತು. 2023ರ ಜೂನ್ 29ರಂದು ಹಾರ್ವರ್ಡ್ ಮತ್ತು ನಾರ್ತ್ ಕ್ಯಾರೊಲೈನಾ ವಿಶ್ವವಿದ್ಯಾಲಯಗಳ ಪ್ರಕರಣದ ತೀರ್ಪು ಆ ಬಾಗಿಲನ್ನೂ ಮುಚ್ಚಿತು. ಅದು ಪದವಿ ಪ್ರವೇಶದ ಪ್ರಕರಣವಾದರೂ ಪಿಜಿ, ಪಿಎಚ್‌ಡಿ ಪ್ರವೇಶಕ್ಕೂ ಅದೇ ಕಾನೂನು.

ಹಾಗಾಗಿ ಜನಾಂಗ ಕೇಳುವ ಚೌಕದಲ್ಲಿ ಟಿಕ್ ಹಾಕಿದರೆ ಲಾಭ, ಬಿಟ್ಟರೆ ನಷ್ಟ ಎಂಬ ಲೆಕ್ಕಾಚಾರ ಬಿಡಿ. ಆ ಮಾಹಿತಿ ಅಂಕಿಅಂಶಕ್ಕಾಗಿ. ಉತ್ತರಿಸುವುದು ಸಾಮಾನ್ಯವಾಗಿ ಐಚ್ಛಿಕ. ವಿದ್ಯಾರ್ಥಿ ವೀಸಾದಲ್ಲಿ ಹೋಗುವವರನ್ನಂತೂ ಸರ್ಕಾರಿ ಅಂಕಿಅಂಶಗಳಲ್ಲಿ ಜನಾಂಗದ ಲೆಕ್ಕಕ್ಕೇ ಸೇರಿಸದೆ ವಿದೇಶಿಯರ ಗುಂಪಿನಲ್ಲಿ ತೋರಿಸುತ್ತಾರೆ. ಉತ್ತರಿಸುವುದಾದರೆ ನಿಜ ಬರೆಯಿರಿ. ಸುಳ್ಳು ಮಾಹಿತಿ ಕೊಟ್ಟರೆ ಸಿಕ್ಕ ಪ್ರವೇಶವೂ ರದ್ದಾಗಬಹುದು.

ನಿಮ್ಮ ಹಿನ್ನೆಲೆಗೆ ಬೆಲೆ ಬರುವುದು ಬರವಣಿಗೆಯಲ್ಲಿ. ಜನಾಂಗ ತನ್ನ ಬದುಕನ್ನು ಹೇಗೆ ತಟ್ಟಿತು ಎಂದು ಅಭ್ಯರ್ಥಿ ಬರೆದರೆ ಅದನ್ನು ಪರಿಗಣಿಸಬಹುದು, ಆದರೆ ಆ ಅನುಭವ ಅಭ್ಯರ್ಥಿಯ ಗುಣಕ್ಕೋ ಸಾಮರ್ಥ್ಯಕ್ಕೋ ಜೋಡಣೆಯಾಗಿರಬೇಕು ಎಂದು ಅದೇ ತೀರ್ಪಿನಲ್ಲಿ ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್ ಹೇಳಿದ್ದಾರೆ. ಇಡೀ ಕೆಲಸ ನಿಂತಿರುವುದು ಈ ಜೋಡಣೆಯ ಮೇಲೆ.

‘ನಾನು ಅಲ್ಪಸಂಖ್ಯಾತ ಸಮುದಾಯದವಳು, ವಿಭಾಗಕ್ಕೆ ವೈವಿಧ್ಯ ತರುತ್ತೇನೆ’ ಎಂಬ ಸಾಲು ಸೋಲುತ್ತದೆ. ಸಮಿತಿ ಅದಕ್ಕೆ ಅಂಕ ಕೊಡಲು ಕಾನೂನು ಬಿಡುವುದಿಲ್ಲ, ಓದುವವರಿಗೆ ಹೊಸದೇನೂ ಸಿಗುವುದೂ ಇಲ್ಲ. ಬದಲಿಗೆ ಒಂದೇ ಘಟನೆ ಆರಿಸಿ. ಏನಾಯಿತು, ನೀವೇನು ಮಾಡಿದಿರಿ, ಅದರಿಂದ ಯಾವ ಪ್ರಶ್ನೆ ಅಥವಾ ಕೌಶಲ ಬಂತು, ಈ ಕೋರ್ಸಿನಲ್ಲಿ ಅದು ಎಲ್ಲಿ ಬಳಕೆಯಾಗುತ್ತದೆ: ಈ ಕ್ರಮದಲ್ಲಿ ಬರೆಯಿರಿ. ಸಾರ್ವಜನಿಕ ಆರೋಗ್ಯಕ್ಕೆ ಅರ್ಜಿ ಹಾಕುವವರು ಆಸ್ಪತ್ರೆಯಲ್ಲಿ ಅಜ್ಜಿಗೆ ದುಭಾಷಿಯಾಗಿದ್ದಾಗ, ಒಪ್ಪಿಗೆ ಪತ್ರ ಅರ್ಥವಾಗದೆ ಜನ ಸಹಿ ಹಾಕುವುದನ್ನು ಕಂಡಿರಬಹುದು. ಅಲ್ಲಿಗೇ ನಿಲ್ಲಿಸಿದರೆ ಅದು ಬರೀ ಅಳಲು. ಆಮೇಲೆ ಅದೇ ವಿಷಯದ ಮೇಲೆ ಸಮೀಕ್ಷೆ ನಡೆಸಿದ್ದರೆ ಅದು ಸಂಶೋಧಕರ ಲಕ್ಷಣ. ಬರೆದ ಮೇಲೆ ಜನಾಂಗದ ಹೆಸರನ್ನು ಮುಚ್ಚಿ ಓದಿ. ಸಾಮರ್ಥ್ಯ ಕಾಣದಿದ್ದರೆ ಪ್ಯಾರಾವನ್ನು ತಿರುಗಿ ಬರೆಯಬೇಕು.

ಇದನ್ನು ಹಾಕುವ ಜಾಗವೂ ಮುಖ್ಯ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯಂಥ ಕಡೆ ಎಸ್‌ಒಪಿಯ (ಓದಿನ ಉದ್ದೇಶ ವಿವರಿಸುವ ಪ್ರಬಂಧ) ಜೊತೆಗೆ ವೈಯಕ್ತಿಕ ಹಿನ್ನೆಲೆಯ ಪ್ರಬಂಧವನ್ನು ಬೇರೆಯಾಗಿ ಕೇಳುತ್ತಾರೆ. ಬದುಕಿನ ಅನುಭವಕ್ಕೆ ಅದೇ ಜಾಗ. ಎಸ್‌ಒಪಿ ಒಂದನ್ನೇ ಕೇಳಿದ್ದರೆ ಒಂದು ಪ್ಯಾರಾ ಸಾಕು. ಪಿಎಚ್‌ಡಿ ಅರ್ಜಿಗಳನ್ನು ಹೆಚ್ಚಾಗಿ ವಿಭಾಗದ ಪ್ರಾಧ್ಯಾಪಕರೇ ಓದುತ್ತಾರೆ. ಅವರು ಹುಡುಕುವುದು ಸಂಶೋಧನೆಯ ವಿಷಯ, ವಿಧಾನ, ತಮ್ಮ ಕೆಲಸಕ್ಕೆ ನಿಮ್ಮ ಹೊಂದಾಣಿಕೆ. ದುಡಿಯುತ್ತಾ ಓದಿ ಒಂದು ಸೆಮಿಸ್ಟರ್‌ನಲ್ಲಿ ಅಂಕ ಕುಸಿದಿದ್ದರೆ ಎರಡು ಮೂರು ವಾಕ್ಯಗಳಲ್ಲಿ ಕಾರಣ ಹೇಳಿ, ನಂತರದ ಅಂಕ ತೋರಿಸಿ. ಶಿಫಾರಸು ಪತ್ರ ಕೊಡುವವರಿಗೂ ನಿಮ್ಮ ಕರಡು ಕಳಿಸಿ, ಸಮುದಾಯದ ಬಗ್ಗೆ ಅಲ್ಲ, ನೀವು ಮಾಡಿದ ಕೆಲಸದ ಬಗ್ಗೆ ಬರೆಯುವಂತೆ ಕೇಳಿಕೊಳ್ಳಿ.

ಅರ್ಜಿ ಶುಲ್ಕದ ವಿನಾಯಿತಿಯನ್ನು ಅನೇಕ ಕಡೆ ಆದಾಯ ನೋಡಿ ಅಥವಾ ಮೆಕ್‌ನೇರ್‌ನಂಥ (ಹಿಂದುಳಿದ ಹಿನ್ನೆಲೆಯ ವಿದ್ಯಾರ್ಥಿಗಳನ್ನು ಪಿಎಚ್‌ಡಿಗೆ ಸಜ್ಜುಗೊಳಿಸುವ) ಸರ್ಕಾರಿ ಯೋಜನೆಯಲ್ಲಿದ್ದವರಿಗೆ ಕೊಡುತ್ತಾರೆ. ಕೆಲವು ವಿನಾಯಿತಿಗಳು ಅಮೆರಿಕದ ಪೌರರಿಗೆ, ಕಾಯಂ ನಿವಾಸಿಗಳಿಗೆ ಮಾತ್ರ. ಹಣ ಕಟ್ಟುವ ಮೊದಲೇ ಕೇಳಿ. ಕಟ್ಟಿದ ಶುಲ್ಕ ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ.