ವೈರಿಂಗ್ ಸೈಟ್‌ನಲ್ಲಿ ಉಪಕರಣ ಕಳೆಯದಂತೆ ನೋಡಿಕೊಳ್ಳುವುದು ಹೇಗೆ?

ಮನೆ ಅಥವಾ ಅಪಾರ್ಟ್‌ಮೆಂಟಿನ ವೈರಿಂಗ್ ಕೆಲಸ ಹಿಡಿದ ಗುತ್ತಿಗೆದಾರರಿಗೆ ವೈರು, ಪೈಪು, ಸ್ವಿಚ್ಚುಗಳ ಲೆಕ್ಕ ಬಾಯಲ್ಲೇ ಇರುತ್ತದೆ, ಏಕೆಂದರೆ ಅವು ಬಿಲ್ಲಿಗೆ ಸೇರುತ್ತವೆ. ಡ್ರಿಲ್ ಮಷೀನ್, ಕ್ರಿಂಪಿಂಗ್ ಟೂಲ್, ಕ್ಲ್ಯಾಂಪ್ ಮೀಟರ್‌ಗಳು ಯಾರ ಬಿಲ್ಲಿಗೂ ಸೇರುವುದಿಲ್ಲವಾದ್ದರಿಂದ, ಅವುಗಳಲ್ಲೊಂದು ಕಾಣೆಯಾಗಿರುವುದು ಗೊತ್ತಾಗುವುದು ಮುಂದಿನ ಸೈಟ್‌ನಲ್ಲಿ ಅದು ಬೇಕಾದಾಗಲೇ. ಆ ಹೊತ್ತಿಗೆ ಕೊನೆಯದಾಗಿ ಅದು ಯಾರ ಕೈಯಲ್ಲಿತ್ತು ಎಂಬುದು ಯಾರಿಗೂ ನೆನಪಿರುವುದಿಲ್ಲ, ಎಲ್ಲರ ಅನುಮಾನವೂ ವಾಚ್‌ಮನ್ ಮೇಲೆ ತಿರುಗುತ್ತದೆ. ಕಳವು ನಡೆಯುವುದೇ ಇಲ್ಲವೆಂದಲ್ಲ. ಆದರೆ ಬಿಟ್ಟು ಬಂದದ್ದು, ಕೊಟ್ಟು ಮರೆತದ್ದು ಕೂಡ ಕಳವಿನ ಲೆಕ್ಕಕ್ಕೇ ಸೇರಿಬಿಡುತ್ತದೆ. ಪ್ರತಿ ಉಪಕರಣಕ್ಕೂ ಒಬ್ಬ ಹೊಣೆಗಾರ ಮತ್ತು ಎಣಿಕೆಗೆ ನಿಗದಿಯಾದ ಹೊತ್ತು, ಇವೆರಡನ್ನು ಗೊತ್ತುಮಾಡಿಕೊಂಡರೆ ನಷ್ಟ ಬಹುಮಟ್ಟಿಗೆ ತಗ್ಗುತ್ತದೆ.

ಮೊದಲು ವಿಂಗಡಿಸಿ

ಟೆಸ್ಟರ್, ಕಟಿಂಗ್ ಪ್ಲೇಯರ್, ಸ್ಕ್ರೂಡ್ರೈವರ್, ವೈರ್ ಸ್ಟ್ರಿಪ್ಪರ್‌ಗಳನ್ನು ಪ್ರತಿ ಎಲೆಕ್ಟ್ರಿಷಿಯನ್‌ಗೆ ಅವರ ಹೆಸರಿನಲ್ಲೇ ಕೊಟ್ಟು, ಪುಸ್ತಕದಲ್ಲಿ ಸಹಿ ಪಡೆಯಬೇಕು. ಡ್ರಿಲ್, ಗೋಡೆ ಕೊರೆಯುವ ಕಟರ್, ಏಣಿ, ಎಕ್ಸ್‌ಟೆನ್ಶನ್ ಬೋರ್ಡುಗಳು ತಂಡಕ್ಕೆ ಸೇರಿದವು. ಇವುಗಳಿಗೆ ಆ ಸೈಟ್‌ನ ಮೇಸ್ತ್ರಿಯೇ ಹೊಣೆ. ಮೆಗ್ಗರ್, ಅರ್ಥ್ ಟೆಸ್ಟರ್‌ಗಳಂಥ ಅಳತೆಯ ಸಾಧನಗಳು ದಿನವೂ ಬೇಕಾಗುವುದಿಲ್ಲವಾದ್ದರಿಂದ ಅವು ಕಚೇರಿಯಲ್ಲೇ ಇದ್ದು, ಪರೀಕ್ಷೆಯ ದಿನ ಮಾತ್ರ ಹೊರಗೆ ಹೋಗಿ ಅಂದೇ ಸಂಜೆ ಹಿಂದಿರುಗಬೇಕು. ಡ್ರಿಲ್ ಬಿಟ್, ಹ್ಯಾಕ್ಸಾ ಬ್ಲೇಡುಗಳನ್ನು ಉಪಕರಣವೆಂದು ಎಣಿಸಲು ಹೋಗಬಾರದು. ಅವು ಸವೆದು ಮುಗಿಯುವ ಸಾಮಾನು. ಅವುಗಳ ಹಿಂದೆ ಬಿದ್ದರೆ ಎರಡೇ ವಾರದಲ್ಲಿ ಬೇಸತ್ತು ಇಡೀ ಪುಸ್ತಕವನ್ನೇ ಮೂಲೆಗೆ ಸೇರಿಸುತ್ತೀರಿ.

ಗುರುತು ಹಾಕಿ

ಹಿಡಿಗೆ ಬಣ್ಣದ ಇನ್ಸುಲೇಷನ್ ಟೇಪ್ ಸುತ್ತುವುದು ಎಲ್ಲರ ಅಭ್ಯಾಸ. ಆದರೆ ಕೆಂಪು, ಹಳದಿ, ನೀಲಿ ಟೇಪು ಫೇಸ್‌ಗಳಿಗೂ, ಕಪ್ಪು ನ್ಯೂಟ್ರಲ್‌ಗೂ, ಹಸಿರು ಅರ್ಥಿಂಗ್‌ಗೂ ಬಳಕೆಯಾಗುವುದರಿಂದ ಈ ಐದು ಬಣ್ಣಗಳ ಸುರುಳಿಗಳು ಪ್ರತಿ ಎಲೆಕ್ಟ್ರಿಷಿಯನ್‌ನ ಚೀಲದಲ್ಲೂ ಇರುತ್ತವೆ, ಹಾಗಾಗಿ ಅವು ಗುರುತಾಗಲಾರವು. ಮೇಲಾಗಿ ಟೇಪು ಬಿಸಿಲಿಗೆ ಅಂಟಂಟಾಗುತ್ತದೆ, ಹಿಡಿಯಲ್ಲಿ ಬಿರುಕು ಬಿಟ್ಟಿದ್ದರೆ ಅದನ್ನೂ ಮುಚ್ಚಿಬಿಡುತ್ತದೆ. ಕೆತ್ತುವ ಪೆನ್ನಿನಿಂದ ಲೋಹದ ಭಾಗದ ಮೇಲೆ ಸಂಸ್ಥೆಯ ಎರಡಕ್ಷರ ಮತ್ತು ಸಂಖ್ಯೆಯನ್ನು ಬರೆಯುವುದೇ ಉತ್ತಮ. 1000 ವೋಲ್ಟ್ ಎಂದು ನಮೂದಿಸಿರುವ ಇನ್ಸುಲೇಟೆಡ್ ಹಿಡಿಯನ್ನು ಮಾತ್ರ ಕೆತ್ತುವುದಾಗಲಿ, ದಾರ ಕಟ್ಟಲೆಂದು ತೂತು ಕೊರೆಯುವುದಾಗಲಿ, ಕಾಯಿಸಿದ ಕಂಬಿಯಿಂದ ಸುಟ್ಟು ಗುರುತು ಮಾಡುವುದಾಗಲಿ ಕೂಡದು; ಉಪಕರಣ ಉಳಿದರೂ ಹಿಡಿದವರಿಗೆ ರಕ್ಷಣೆ ಉಳಿಯುವುದಿಲ್ಲ.

ಬ್ಯಾಟರಿ ಡ್ರಿಲ್ ಇದ್ದರೆ ಯಂತ್ರ, ಬ್ಯಾಟರಿ, ಚಾರ್ಜರ್ ಮೂರಕ್ಕೂ ಬೇರೆ ಬೇರೆ ಸಂಖ್ಯೆ ಕೊಡಬೇಕು, ಏಕೆಂದರೆ ವಾಚ್‌ಮನ್ ಕೋಣೆಯ ಪ್ಲಗ್ ಪಾಯಿಂಟಿನಲ್ಲಿ ಚಾರ್ಜಿಗೆ ಹಾಕಿ ಮರೆಯುವುದು ಬ್ಯಾಟರಿಯನ್ನೇ. ವೈರಿನ ಡ್ರಿಲ್‌ನ ಚಕ್ ಕೀಯನ್ನು (ಬಿಟ್ ಬಿಗಿಯುವ ಕೀಲಿ) ಪ್ಲಗ್ಗಿನ ತುದಿಯ ಹತ್ತಿರ ಕೇಬಲ್‌ಗೆ ಕಟ್ಟಿದರೆ ಕೀ ಕಳೆಯುವುದಿಲ್ಲ, ಬಿಟ್ ಬದಲಿಸುವ ಮುನ್ನ ಪ್ಲಗ್ ತೆಗೆಯುವ ಅಭ್ಯಾಸವೂ ಆಗುತ್ತದೆ. ಪ್ರತಿ ಯಂತ್ರದ ಸೀರಿಯಲ್ ಸಂಖ್ಯೆಯ ಫೋಟೊವನ್ನು ಖರೀದಿ ಬಿಲ್ಲಿನ ಜೊತೆ ಇಟ್ಟುಕೊಳ್ಳಿ.

ಖಾಲಿ ಜಾಗ ಕಣ್ಣಿಗೆ ಬೀಳಲಿ

ಎಲ್ಲವನ್ನೂ ಒಂದೇ ಗೋಣಿಚೀಲಕ್ಕೆ ತುಂಬಿದರೆ ಯಾವುದು ಇಲ್ಲವೆಂದು ತಿಳಿಯಲು ಚೀಲವನ್ನೇ ಸುರಿಯಬೇಕು, ಸಂಜೆ ಬಸ್ಸಿನ ಹೊತ್ತಿಗೆ ಯಾರೂ ಸುರಿಯುವುದಿಲ್ಲ. ಪೆಟ್ಟಿಗೆಯೊಳಗೆ ದಪ್ಪ ಫೋಮ್ ಹಾಸಿ, ಪ್ರತಿ ಉಪಕರಣದ ಆಕಾರಕ್ಕೆ ತಕ್ಕಂತೆ ಅದನ್ನು ಕತ್ತರಿಸಿದರೆ ಕಾಣೆಯಾದದ್ದು ತಾನಾಗಿ ಕಾಣುತ್ತದೆ. ದೊಡ್ಡ ಸೈಟ್‌ನಲ್ಲಿ ಕಾರ್ಖಾನೆಗಳ ಹಳೆಯ ಬಿಲ್ಲೆ ಪದ್ಧತಿ ಇಂದಿಗೂ ಚೆನ್ನಾಗಿ ನಡೆಯುತ್ತದೆ: ಪ್ರತಿಯೊಬ್ಬರಿಗೂ ಅವರ ಸಂಖ್ಯೆಯ ಕೆಲವು ಬಿಲ್ಲೆಗಳು, ಉಪಕರಣ ತೆಗೆದುಕೊಂಡಾಗ ಅದು ನೇತಾಡುತ್ತಿದ್ದ ಮೊಳೆಗೆ ಅವರ ಒಂದು ಬಿಲ್ಲೆ. ಮೊಬೈಲ್ ಆ್ಯಪ್‌ಗಳೂ ಇವೆ. ಆದರೆ ಸಿಮೆಂಟು ಮೆತ್ತಿದ ಕೈಯಲ್ಲಿ ಆ್ಯಪ್ ತೆರೆಯುವವರಿಗಿಂತ ಮೊಳೆಗೆ ಬಿಲ್ಲೆ ಹಾಕುವವರೇ ಹೆಚ್ಚು ಎಂಬುದು ನನ್ನ ಅಭಿಪ್ರಾಯ.

ಮುಚ್ಚುವ ಮುನ್ನ ಎಣಿಸಿ

ಸಂಜೆಯ ಎಣಿಕೆಯೊಂದೇ ಸಾಲದು. ವಿದ್ಯುತ್ ಕೆಲಸದಲ್ಲಿ ಮತ್ತೆ ತೆರೆಯಲಾಗದಂತೆ ಏನನ್ನಾದರೂ ಮುಚ್ಚುವ ಘಳಿಗೆಗಳಿವೆ, ನಿಜವಾದ ಎಣಿಕೆ ನಡೆಯಬೇಕಾದುದು ಅವುಗಳಿಗೆ ಮುನ್ನ.

ಮೊದಲನೆಯದು ಕಾಂಕ್ರೀಟ್. ಸ್ಲ್ಯಾಬ್‌ಗೆ ಪೈಪ್ ಹಾಕುವ ದಿನ ಹ್ಯಾಕ್ಸಾ, ಅಳತೆ ಟೇಪು, ಸಲ್ಯೂಷನ್ ಡಬ್ಬಿ ಎಲ್ಲವೂ ಕಬ್ಬಿಣದ ಜಾಲದ ಮೇಲೆ ಹರಡಿರುತ್ತವೆ, ಕಂಬಿಗಳ ಸಂದಿಯಲ್ಲಿ ಜಾರಿದ್ದು ಮೇಲಿನಿಂದ ಕಾಣುವುದಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ ಮೋಸ ಮಾಡುವುದು ಬೆಂಡಿಂಗ್ ಸ್ಪ್ರಿಂಗ್. ಪಿವಿಸಿ ಪೈಪನ್ನು ಬಗ್ಗಿಸುವಾಗ ಒಳಗೆ ತೂರಿಸಿದ ಸ್ಪ್ರಿಂಗು ಹೊರಗೆ ಬಾರದೆ ಅಲ್ಲೇ ಉಳಿದರೆ, ಸ್ಪ್ರಿಂಗ್ ಹೋಗುವುದರ ಜೊತೆಗೆ ಆ ಪೈಪಿನಲ್ಲಿ ವೈರನ್ನೂ ಎಳೆಯಲಾಗುವುದಿಲ್ಲ; ತಿಂಗಳುಗಳ ನಂತರ ಅದು ಗೊತ್ತಾಗಿ ಹೊಸದಾಗಿ ಮುಗಿಸಿದ ಗೋಡೆಯನ್ನು ಒಡೆಯಬೇಕಾಗುತ್ತದೆ. ಸ್ಪ್ರಿಂಗಿನ ತುದಿಯ ಉಂಗುರಕ್ಕೆ ಪೈಪಿನ ಹೊರಗೆ ನೇತಾಡುವಷ್ಟು ಉದ್ದದ ಗಟ್ಟಿ ದಾರ ಕಟ್ಟಿದರೆ ಈ ಪ್ರಮೇಯವೇ ಬರುವುದಿಲ್ಲ.

ಎರಡನೆಯದು ಫಾಲ್ಸ್ ಸೀಲಿಂಗ್. ಜಿಪ್ಸಂ ಹಲಗೆ ಕೂರಿಸುವವರು ಮೇಲೆ ಏನಿದೆಯೆಂದು ನೋಡುವುದಿಲ್ಲ, ನೋಡುವುದು ಅವರ ಕೆಲಸವೂ ಅಲ್ಲ. ಸಜ್ಜಾ, ಅಟ್ಟ, ಡಕ್ಟ್‌ಗಳನ್ನೂ ಆಗಲೇ ಟಾರ್ಚ್ ಹಿಡಿದು ನೋಡಿಬಿಡಬೇಕು.

ಮೂರನೆಯದು ಪ್ಯಾನೆಲ್ ಬೋರ್ಡ್. ಇಲ್ಲಿ ಹಣಕ್ಕಿಂತ ಪ್ರಾಣ ದೊಡ್ಡದು. ಬಸ್‌ಬಾರ್ (ವಿದ್ಯುತ್ ಹಂಚುವ ಲೋಹದ ಪಟ್ಟಿ) ಬಿಗಿದು ಒಳಗೇ ಬಿಟ್ಟ ಸ್ಪ್ಯಾನರು, ವಿದ್ಯುತ್ ಹರಿಸಿದ ಕ್ಷಣದಲ್ಲಿ ಎರಡು ಫೇಸ್‌ಗಳನ್ನು ಕೂಡಿಸಿದರೆ ಆಗುವ ಸ್ಫೋಟ ಎದುರಿಗೆ ನಿಂತವರನ್ನು ಸುಡಬಲ್ಲದು. ಪ್ಯಾನೆಲ್‌ಗೆ ಕೊಂಡೊಯ್ಯುವ ಉಪಕರಣಗಳನ್ನು ಒಂದು ಚೀಟಿಯಲ್ಲಿ ಬರೆದು, ಅಷ್ಟೂ ಹೊರಬಂದ ಮೇಲೆಯೇ ಮುಚ್ಚಳ ಹಾಕಬೇಕು. ಒಂದು ಕಡಿಮೆಯಿದ್ದರೂ, ಮಾಲೀಕರು ಎಷ್ಟೇ ಅವಸರಿಸಿದರೂ, ಸಪ್ಲೈ ಕೊಡಬಾರದು.

ಗೇಟು ಮತ್ತು ಪರರ ಕೈ

ಟೆಕ್ ಪಾರ್ಕ್, ದೊಡ್ಡ ಅಪಾರ್ಟ್‌ಮೆಂಟ್‌ಗಳಲ್ಲಿ ಒಳಗೆ ಹೋಗುವಾಗಲೇ ಸೆಕ್ಯುರಿಟಿ ಪುಸ್ತಕದಲ್ಲಿ ಸೀರಿಯಲ್ ಸಂಖ್ಯೆ ಸಹಿತ ಬರೆಸಿ, ರಿಟರ್ನಬಲ್ ಗೇಟ್ ಪಾಸ್ ಪಡೆಯಿರಿ. ಇಲ್ಲವಾದರೆ ಕೆಲಸ ಮುಗಿದ ದಿನ ನಿಮ್ಮದೇ ಡ್ರಿಲ್ ಹೊರಗೆ ತರಲು ಅವರ ಕಚೇರಿಗೆ ಅಲೆಯಬೇಕಾಗುತ್ತದೆ. “ಅಣ್ಣಾ, ಡ್ರಿಲ್ ಕೊಡಿ, ಎರಡೇ ತೂತು” ಎಂದು ಬಡಗಿಯೋ ಪ್ಲಂಬರೋ ಕೇಳಿದಾಗ ಇಲ್ಲವೆನ್ನುವುದು ಕಷ್ಟ; ನಾಳೆ ಅವರ ಏಣಿ ನಮಗೂ ಬೇಕಾದೀತು. ನಮ್ಮವರೊಬ್ಬರು ಜೊತೆಗೆ ಹೋಗಿ ತೂತು ಹಾಕಿಕೊಟ್ಟು ಬರಲಿ, ಅಥವಾ ಅವರ ಸ್ಪಿರಿಟ್ ಲೆವೆಲ್ಲನ್ನು ನಮ್ಮ ಪೆಟ್ಟಿಗೆಯಲ್ಲಿಟ್ಟು ಹೋಗಲಿ.

ವರ್ಷಕ್ಕೊಮ್ಮೆಯ ಪೂರ್ಣ ತಪಾಸಣೆಗೆ ನಮ್ಮಲ್ಲಿ ಬೇರೆ ದಿನ ಹುಡುಕಬೇಕಿಲ್ಲ. ಆಯುಧಪೂಜೆಗೆ ಎಲ್ಲ ಸೈಟ್‌ಗಳ ಸಾಮಾನೂ ತೊಳೆದು ಒಂದೆಡೆ ಸೇರುತ್ತವೆ. ಕುಂಕುಮ ಇಡುವ ಮುನ್ನ ಪುಸ್ತಕ ಹಿಡಿದು ಒಂದೊಂದಕ್ಕೂ ಗುರುತು ಹಾಕುತ್ತಾ ಬಂದರೆ ಆಯಿತು.

ಕಳೆದೇಹೋದರೆ

ಅದೇ ದಿನ ಹುಡುಕಿ, ಸಿಗದಿದ್ದರೆ ಪುಸ್ತಕದಲ್ಲಿ ದಿನಾಂಕ ಸಹಿತ ಬರೆಯಿರಿ. ಕಳವೆಂದು ಖಚಿತವಾದರೆ ಸೀರಿಯಲ್ ಸಂಖ್ಯೆ, ಬಿಲ್ಲುಗಳೊಂದಿಗೆ ಠಾಣೆಗೆ ದೂರು ಕೊಡಬೇಕು; 2024ರ ಜುಲೈ 1ರಿಂದ ಕಳವು ಭಾರತೀಯ ನ್ಯಾಯ ಸಂಹಿತೆಯ 303ನೇ ಸೆಕ್ಷನ್ ಅಡಿ ಬರುತ್ತದೆ. ವಿಮೆ ಇದ್ದವರು ಷರತ್ತುಗಳನ್ನು ಮೊದಲೇ ಓದಿರಬೇಕು, ಏಕೆಂದರೆ ಕನ್ನಗಳವಿನ ಪಾಲಿಸಿಗಳು ಸಾಮಾನ್ಯವಾಗಿ ಬೀಗ ಅಥವಾ ಬಾಗಿಲು ಮುರಿದ ಗುರುತನ್ನು ಕೇಳುತ್ತವೆ. ಜಿಎಸ್‌ಟಿ ನೋಂದಣಿ ಇರುವವರು ಆ ಉಪಕರಣದ ಮೇಲೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ (ಖರೀದಿಯಲ್ಲಿ ಕೊಟ್ಟ ತೆರಿಗೆಯನ್ನು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುವ ಸೌಲಭ್ಯ) ಪಡೆದಿದ್ದರೆ, ಕಳೆದ ಅಥವಾ ಕಳವಾದ ಸರಕಿಗೆ ಅದು ಸಲ್ಲದಾದ್ದರಿಂದ ಹಿಂದಿರುಗಿಸಬೇಕಾಗುತ್ತದೆ.

ಕೆಲಸಗಾರರ ಸಂಬಳದಿಂದ ಹಿಡಿಯುವ ಯೋಚನೆ ಬಹುತೇಕರಿಗೆ ಬರುತ್ತದೆ. ಅವರ ವಶಕ್ಕೆಂದೇ ಕೊಟ್ಟ ವಸ್ತು ಅವರ ನಿರ್ಲಕ್ಷ್ಯದಿಂದಲೇ ಕಳೆದಿದ್ದು, ವಿವರಣೆ ನೀಡಲು ಅವಕಾಶ ಕೊಟ್ಟ ಬಳಿಕ ಮಾತ್ರ ವೇತನದ ಕಾನೂನು ಅದಕ್ಕೆ ಒಪ್ಪುತ್ತದೆ. ಸಹಿ ಇಲ್ಲದ ಪುಸ್ತಕ ಇಲ್ಲಿ ಗುತ್ತಿಗೆದಾರರ ನೆರವಿಗೆ ಬರುವುದಿಲ್ಲ. ದಂಡದ ಭಯ ಹೆಚ್ಚಾದಷ್ಟೂ ಕಳೆದದ್ದನ್ನು ಮುಚ್ಚಿಡುವವರೂ ಹೆಚ್ಚುತ್ತಾರೆ, ಹುಡುಕಬಹುದಾಗಿದ್ದ ಮೊದಲ ದಿನ ಕೈತಪ್ಪುತ್ತದೆ. ಬದಲಿಗೆ ಹೊಸದನ್ನು ಕೊಂಡಾಗ ಹಳೆಯದರ ಸಂಖ್ಯೆಯನ್ನು ಅದಕ್ಕೆ ಕೊಡದೆ ಹೊಸ ಸಂಖ್ಯೆಯನ್ನೇ ಕೆತ್ತಿಸಿ. ಕಳೆದದ್ದು ಯಾವುದೋ ಅಟ್ಟದಲ್ಲಿ ಸಿಕ್ಕ ದಿನ ಪುಸ್ತಕದಲ್ಲಿ ಗೊಂದಲವಾಗುವುದಿಲ್ಲ.