ಹೊಟ್ಟೆಯ ನೀರಿನಲ್ಲಿ ಐಎಲ್-6 ಅಳೆಯುವ ಕೆಲಸ: ನನ್ನ ಅನುಭವ

ಅಂಡಾಶಯದ ಕ್ಯಾನ್ಸರ್ ಹೊಟ್ಟೆಯೊಳಗೆ ಹರಡಿದಾಗ ನೀರು ತುಂಬಿಕೊಳ್ಳುತ್ತದೆ. ಉಸಿರಾಟಕ್ಕೆ ತೊಂದರೆಯಾದರೆ ಸೂಜಿ ಹಾಕಿ ತೆಗೆಯುತ್ತಾರೆ. ವಾರ್ಡಿನಲ್ಲಿ ಇದಕ್ಕೆ ಟ್ಯಾಪಿಂಗ್ ಅನ್ನುವುದು. ಸ್ವಲ್ಪ ನೀರು ಸೈಟಾಲಜಿಗೆ, ಅಂದರೆ ಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆಗೆ ಹೋಗುತ್ತದೆ, ಮಿಕ್ಕ ಲೀಟರುಗಟ್ಟಲೆ ನೀರನ್ನು ಚೆಲ್ಲುತ್ತಾರೆ. ಮುಂಬೈಯ ಪರೇಲ್‌ನ ಲ್ಯಾಬೊಂದರಲ್ಲಿ ನಾನು ಕೆಲಸ ಮಾಡುವುದು ಚೆಲ್ಲಿಹೋಗುವ ಆ ನೀರಿನ ಮೇಲೆ. ಗೆಡ್ಡೆಯ ಕೋಶಗಳು, ಅವುಗಳ ನಡುವೆ ಸೇರಿಕೊಂಡ ರೋಗನಿರೋಧಕ ಕೋಶಗಳು, ಕರುಳಿನ ಮುಂದೆ ಇಳಿಬಿದ್ದಿರುವ ಓಮೆಂಟಮ್ ಎಂಬ ಕೊಬ್ಬಿನ ಪದರ, ಇವೆಲ್ಲ ಒಂದಕ್ಕೊಂದು ಸುದ್ದಿ ಮುಟ್ಟಿಸಲು ಬಿಡುವ ಸೈಟೋಕೈನ್ ಪ್ರೋಟೀನುಗಳು ಅದರಲ್ಲಿ ಸಿಗುತ್ತವೆ. ನಾನು ಹೆಚ್ಚಾಗಿ ಅಳೆಯುವುದು ಇಂಟರ್‌ಲ್ಯೂಕಿನ್-6, ಅಂದರೆ ಐಎಲ್-6.

ರಕ್ತದಲ್ಲೇ ಅಳೆಯಬಹುದಲ್ಲ ಎಂದು ಹಲವರು ಕೇಳುತ್ತಾರೆ. ಆರೋಗ್ಯವಂತರ ರಕ್ತದಲ್ಲಿ ಒಂದು ಮಿಲಿಲೀಟರಿಗೆ ಕೆಲವೇ ಪಿಕೋಗ್ರಾಂ (ಒಂದು ಗ್ರಾಂನ ಲಕ್ಷ ಕೋಟಿಯಲ್ಲೊಂದು ಪಾಲು) ಐಎಲ್-6 ಇರುತ್ತದೆ. ಈ ರೋಗದ ಹೊಟ್ಟೆಯ ನೀರಿನಲ್ಲಿ ಸಾವಿರಾರು ಪಿಕೋಗ್ರಾಂ ಸಿಗುವುದು ಅಪರೂಪವಲ್ಲ. ರೋಗ ಬೆಳೆಯುತ್ತಿರುವ ಜಾಗದ ಸುದ್ದಿ ಬೇಕೆಂದರೆ ಆ ಜಾಗದ ನೀರನ್ನೇ ನೋಡಬೇಕು.

ಮೊದಲ ಕಷ್ಟ ಇರುವುದು ಒಪ್ಪಿಗೆ ಪತ್ರದಲ್ಲಿ. ಫಾರ್ಮು ಮರಾಠಿ, ಹಿಂದಿ, ಇಂಗ್ಲಿಷಿನಲ್ಲಿ ಇರುತ್ತದೆ. ರೋಗಿಗಳು ವಿಜಯಪುರ, ಕಲಬುರಗಿ, ಸೊಲ್ಲಾಪುರದ ಕಡೆಯಿಂದಲೂ ಬರುತ್ತಾರೆ. ಅಂಥವರ ಹಾಸಿಗೆಯ ಬಳಿ ಕುಳಿತು ಕನ್ನಡದಲ್ಲಿ ಹೇಳುವ ಕೆಲಸವನ್ನು ನಾನು ಯಾರಿಗೂ ಬಿಟ್ಟುಕೊಡುವುದಿಲ್ಲ. ಒಬ್ಬ ತಾಯಿ ಕೇಳಿದ್ದರು, "ಈ ನೀರು ನೋಡಿ ನನಗ ಔಷಧಿ ಬದ್ಲಿ ಮಾಡ್ತೀರೇನ್ರಿ ಅಕ್ಕಾರ?" "ಇಲ್ಲವ್ವಾ, ಈಗ ಆಗೂದಿಲ್ಲ. ಇದು ಮುಂದ ಬರೋರಿಗೆ ಉಪಯೋಗ ಆಗಬಹುದು," ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾರ ತಗೋರಿ" ಎಂದು ಹೆಬ್ಬೆಟ್ಟು ಒತ್ತಿದರು. ಐಎಲ್-6 ಅಂಕಿ ನೋಡಿ ಕೀಮೋ ಆರಿಸುವ ಪದ್ಧತಿ ಇಂದಿಗೂ ಇಲ್ಲ, ಅದನ್ನು ಮರೆಮಾಚಿ ಸಹಿ ಪಡೆಯಲೂಬಾರದು.

ನೀರು ಕೈಗೆ ಬಂದ ಮೇಲೆ ತಡಮಾಡುವಂತಿಲ್ಲ. ಕೋಶಗಳು ಅದರಲ್ಲಿ ಜೀವಂತವಾಗಿರುತ್ತವೆ. ಬೆಚ್ಚಗೆ ಬಿಟ್ಟರೆ ಟ್ಯೂಬಿನೊಳಗೂ ಸೈಟೋಕೈನ್ ಬಿಡುತ್ತಲೇ ಇರುತ್ತವೆ, ಆಗ ನಾವು ಅಳೆಯುವುದು ಟ್ಯೂಬಿನಲ್ಲಿ ಹುಟ್ಟಿದ ಅಂಕಿಯನ್ನು. ಹಾಗಾಗಿ ಐಸ್ ಡಬ್ಬಿಯಲ್ಲಿ ತಂದು, ಕೂಡಲೇ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ, ಮೇಲಿನ ತಿಳಿಯನ್ನು ಸಣ್ಣ ಸಣ್ಣ ಪಾಲು ಮಾಡಿ ಮೈನಸ್ 80 ಡಿಗ್ರಿಯಲ್ಲಿ ಇಡುತ್ತೇನೆ. ಒಂದು ಪಾಲು ಒಂದೇ ಸಲ ಕರಗಬೇಕು. ಜುಲೈ ಮಳೆಯಲ್ಲಿ ಪರೇಲ್, ಹಿಂದ್‌ಮಾತಾ ಕಡೆ ಮೊಣಕಾಲು ಮಟ್ಟ ನೀರು ನಿಂತು ಲೋಕಲ್ ನಿಂತುಹೋಗುವ ದಿನಗಳಿವೆ. ಬೇರೆ ಆಸ್ಪತ್ರೆಯಿಂದ ಬರುವ ಸ್ಯಾಂಪಲ್ ಅಂಥ ದಿನ ತೆಗೆಯಬೇಡಿ ಎಂದು ಬೆಳಿಗ್ಗೆಯೇ ಫೋನ್ ಮಾಡುತ್ತೇನೆ.

ಅಳೆಯುವುದು ಎಲೈಸಾ ವಿಧಾನದಲ್ಲಿ, ಅಂದರೆ ಪ್ರತಿಕಾಯಗಳಿಂದ ಪ್ರೋಟೀನನ್ನು ಹಿಡಿದು ಬಣ್ಣದ ಗಾಢತೆಯಿಂದ ಅದರ ಪ್ರಮಾಣ ತಿಳಿಯುವುದು. ನಾನು ಬಳಸುವ ಕಿಟ್ ಓದಬಲ್ಲ ಮೇಲ್ಮಿತಿ ಮಿಲಿಲೀಟರಿಗೆ 300 ಪಿಕೋಗ್ರಾಂ. ಹೊಟ್ಟೆಯ ನೀರನ್ನು ಹಾಗೇ ಹಾಕಿದರೆ ಪ್ಲೇಟಿನ ಸಣ್ಣ ಗುಳಿಗಳೆಲ್ಲ ಒಂದೇ ಗಾಢ ಹಳದಿಗೆ ತಿರುಗುತ್ತವೆ, ಎರಡು ಸಾವಿರ ಯಾವುದು ಇಪ್ಪತ್ತು ಸಾವಿರ ಯಾವುದು ತಿಳಿಯುವುದಿಲ್ಲ. ಹತ್ತು ಪಟ್ಟು, ನೂರು ಪಟ್ಟು, ಐನೂರು ಪಟ್ಟು ತೆಳುಮಾಡಿ ಹಾಕುತ್ತೇನೆ. ಮಿತಿಯೊಳಗೆ ಬಿದ್ದ ಎರಡು ಅಂಕಿಗಳನ್ನು ಹಿಂದಕ್ಕೆ ಗುಣಿಸಿದಾಗ ಉತ್ತರ ಹೆಚ್ಚುಕಡಿಮೆ ಒಂದೇ ಬರಬೇಕು. ಬರದಿದ್ದರೆ ನೀರಿನಲ್ಲಿರುವ ಬೇರೇನೋ ಅಡ್ಡಿಮಾಡುತ್ತಿದೆ ಎಂದರ್ಥ. ಆ ಅಂಕಿಯನ್ನು ನಾನು ಬರೆದುಕೊಡುವುದಿಲ್ಲ.

ಸ್ಯಾಂಪಲ್ ಜೊತೆಗಿನ ಚೀಟಿಯಲ್ಲಿ ಡೆಕ್ಸಾಮೆಥಸೋನ್ ಯಾವಾಗ ಕೊಟ್ಟದ್ದು ಎಂದು ಬರೆಯಲೇಬೇಕೆಂದು ಹಠ ಹಿಡಿದಿದ್ದೇನೆ. ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಕೀಮೋ ಔಷಧಿಗೆ ಅಲರ್ಜಿ ಆಗದಿರಲೆಂದು ಮುಂಚೆಯೇ ಕೊಡುವ ಆ ಸ್ಟೀರಾಯ್ಡ್ ಐಎಲ್-6 ತಯಾರಾಗುವುದನ್ನು ಅದುಮುತ್ತದೆ. ಕೀಮೋದಿಂದ ಅಂಕಿ ಇಳಿಯಿತೆಂದು ಸಂತೋಷಪಡುವ ಮೊದಲು ಇದನ್ನು ನೋಡಲೇಬೇಕು. ನಮ್ಮ ದೇಶದಲ್ಲಿ ಇನ್ನೊಂದು ಗುಮಾನಿಯೂ ಇರಬೇಕು: ಹೊಟ್ಟೆಯ ಟಿಬಿ. ಅದರಲ್ಲೂ ನೀರು ತುಂಬುತ್ತದೆ, ಅಂಡಾಶಯದ ಕ್ಯಾನ್ಸರ್‌ಗೆ ರಕ್ತದಲ್ಲಿ ನೋಡುವ ಸಿಎ-125 ಏರುತ್ತದೆ, ಸ್ಕ್ಯಾನಿನಲ್ಲಿ ಓಮೆಂಟಮ್ ದಪ್ಪವಾಗಿ ಕಾಣುತ್ತದೆ. ಆಗ ನೀರಿನಲ್ಲಿ ಎಡಿಎ ಎಂಬ ಕಿಣ್ವದ ಪರೀಕ್ಷೆ ದಾರಿ ತೋರುತ್ತದೆ, ಬಯಾಪ್ಸಿ ಖಚಿತಪಡಿಸುತ್ತದೆ. ಐಎಲ್-6 ಒಂದನ್ನೇ ಹಿಡಿದು ಇದು ಕ್ಯಾನ್ಸರ್ ಎಂದು ಯಾರೂ ಹೇಳಬಾರದು.

ಇಷ್ಟು ಜತನದಿಂದ ಅಳೆದ ಅಂಕಿ ಏನು ಹೇಳುತ್ತದೆ? ಐಎಲ್-6 ಕೋಶದ ಮೇಲಿನ ಗ್ರಾಹಿಗೆ ಅಂಟಿದಾಗ ಒಳಗೆ ಜ್ಯಾಕ್ ಕಿಣ್ವಗಳು ಸ್ಟ್ಯಾಟ್-3 ಪ್ರೋಟೀನನ್ನು ಎಬ್ಬಿಸುತ್ತವೆ. ಅದು ಕೋಶಕೇಂದ್ರಕ್ಕೆ ಹೋಗಿ ಕೋಶವನ್ನು ಸಾಯಗೊಡದ ಜೀನುಗಳನ್ನು ಚಾಲೂ ಮಾಡುತ್ತದೆ. ಕಾರ್ಬೋಪ್ಲಾಟಿನ್‌ನಂಥ ಪ್ಲಾಟಿನಂ ಇರುವ ಕೀಮೋ ಔಷಧಿಗೆ ಗೆಡ್ಡೆ ಬಗ್ಗದಿರುವುದಕ್ಕೆ ಇದೂ ಒಂದು ಕಾರಣ. ಐಎಲ್-6 ಯಕೃತ್ತಿಗೂ ತಲುಪಿ ಉರಿಯೂತದ ಗುರುತಾದ ಸಿಆರ್‌ಪಿಯನ್ನು ಏರಿಸುತ್ತದೆ, ಥ್ರಾಂಬೋಪೊಯೆಟಿನ್ ಎಂಬ ಹಾರ್ಮೋನಿನ ಮೂಲಕ ಪ್ಲೇಟ್‌ಲೆಟ್‌ಗಳನ್ನೂ ಏರಿಸುತ್ತದೆ. 2012ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಅಂಡಾಶಯದ ಕ್ಯಾನ್ಸರ್ ಇದ್ದ 619 ರೋಗಿಗಳ ಪೈಕಿ 31 ಶೇಕಡಾ ಮಂದಿಗೆ ರೋಗ ಪತ್ತೆಯಾದಾಗಲೇ ಪ್ಲೇಟ್‌ಲೆಟ್ ಮೈಕ್ರೋಲೀಟರಿಗೆ 4.5 ಲಕ್ಷ ದಾಟಿತ್ತು, ಅವರು ಬದುಕಿದ ಅವಧಿಯೂ ಕಡಿಮೆಯಿತ್ತು. ಅದನ್ನು ಓದಿದ ಮೇಲೆ ಪ್ರತಿ ಸ್ಯಾಂಪಲ್ಲಿನ ಜೊತೆ ಆ ದಿನದ ಸಿಬಿಸಿ (ರಕ್ತಕಣಗಳ ಎಣಿಕೆ) ರಿಪೋರ್ಟನ್ನೂ ಕೇಳಿ ಪಡೆಯುತ್ತೇನೆ. ಸಾಮಾನ್ಯ ಲ್ಯಾಬಿನಲ್ಲೂ ಸಿಗುವ ಸುಳಿವು ಅದು.

ಹಾಗಾದರೆ ಐಎಲ್-6 ತಡೆದರೆ ಮುಗಿಯಿತೇ ಎಂದರೆ, ಇಲ್ಲ. ಸಿಲ್ಟುಕ್ಸಿಮ್ಯಾಬ್ ಎಂಬ ಪ್ರತಿಕಾಯವನ್ನು ಪ್ಲಾಟಿನಂಗೆ ಬಗ್ಗದ 18 ರೋಗಿಗಳಿಗೆ ಕೊಟ್ಟು ನೋಡಿದ ಪ್ರಯೋಗ 2011ರಲ್ಲಿ ಪ್ರಕಟವಾಯಿತು: ಗೆಡ್ಡೆ ಗಮನಾರ್ಹವಾಗಿ ಕುಗ್ಗಿದ್ದು ಒಬ್ಬರಲ್ಲಿ, ಕೆಲವರಲ್ಲಿ ರೋಗ ಸ್ವಲ್ಪ ಕಾಲ ತಟಸ್ಥವಾಗಿ ನಿಂತಿತು. ರೋಗನಿರೋಧಕ ಶಕ್ತಿಯನ್ನು ಬಡಿದೆಬ್ಬಿಸಲು ಹೊರಟ ಗಾಮಾ ಇಂಟರ್‌ಫೆರಾನ್ ಎಂಬ ಇನ್ನೊಂದು ಸೈಟೋಕೈನಿನ ಪ್ರಯೋಗದ ಕಥೆ ಇನ್ನೂ ನೋವಿನದು. ಕೀಮೋ ಜೊತೆ ಅದನ್ನು ಸೇರಿಸಿ 847 ಮಹಿಳೆಯರಲ್ಲಿ ನೋಡಿದಾಗ, ಇಂಟರ್‌ಫೆರಾನ್ ಪಡೆದವರೇ ಕಡಿಮೆ ಕಾಲ ಬದುಕಿದ್ದು ಕಂಡು ಪ್ರಯೋಗವನ್ನು ಮಧ್ಯದಲ್ಲೇ ನಿಲ್ಲಿಸಿದರು. ಇದೇ ಪ್ರೋಟೀನ್ ಒಂದು ಕಡೆ ಗೆಡ್ಡೆಯ ಮೇಲೆ ದಾಳಿ ಮಾಡುವ ಟಿ ಕೋಶಗಳಿಗೆ ಬಲ ಕೊಡುತ್ತದೆ, ಇನ್ನೊಂದು ಕಡೆ ಗೆಡ್ಡೆಯ ಮೇಲೆ ಪಿಡಿ-ಎಲ್1 ಎಂಬ ಪ್ರೋಟೀನನ್ನು ಹೆಚ್ಚಿಸಿ ಆ ಟಿ ಕೋಶಗಳನ್ನೇ ಸುಮ್ಮನಾಗಿಸುತ್ತದೆ. ವಾರ್ಡಿನ ಬಳಕೆಗೆ ಬಂದು ನಿಂತದ್ದು ಹೊಸ ರಕ್ತನಾಳ ಬೆಳೆಸುವ ವಿಇಜಿಎಫ್ ಎಂಬ ಪ್ರೋಟೀನನ್ನು ತಡೆಯುವ ಬೆವಾಸಿಝುಮ್ಯಾಬ್. ರಕ್ತನಾಳಗಳು ಸೋರುವುದನ್ನು ಅದು ತಗ್ಗಿಸುವುದರಿಂದ ಹೊಟ್ಟೆಯ ನೀರೂ ಇಳಿಯುತ್ತದೆ.

ಆದ್ದರಿಂದ ಈಗ ಒಂದೇ ಪ್ರೋಟೀನ್ ಅಳೆಯುವುದನ್ನು ಬಿಟ್ಟಿದ್ದೇನೆ. ಒಂದೇ ಸ್ಯಾಂಪಲ್ಲಿನಲ್ಲಿ ಐಎಲ್-6, ರೋಗನಿರೋಧಕ ಕೋಶಗಳನ್ನು ತಣ್ಣಗಾಗಿಸುವ ಐಎಲ್-10, ಗಾಮಾ ಇಂಟರ್‌ಫೆರಾನ್, ವಿಇಜಿಎಫ್ ನಾಲ್ಕನ್ನೂ ನೋಡುತ್ತೇನೆ. ಶಸ್ತ್ರಚಿಕಿತ್ಸೆಗೆ ಮುಂಚೆ ಕೀಮೋ ಪಡೆಯುವವರಲ್ಲಿ ಕೀಮೋಗೆ ಮೊದಲಿನ ನೀರು, ಆಮೇಲೆ ಮತ್ತೆ ತುಂಬಿದರೆ ಆ ನೀರು, ಎರಡನ್ನೂ ಒಂದೇ ಪ್ಲೇಟಿನಲ್ಲಿ ಅಕ್ಕಪಕ್ಕ ಹಾಕುತ್ತೇನೆ. ಬೇರೆ ಬೇರೆ ದಿನದ ಪ್ಲೇಟುಗಳ ನಡುವೆ ಬರುವ ವ್ಯತ್ಯಾಸ ರೋಗಿಯ ಲೆಕ್ಕಕ್ಕೆ ಸೇರಬಾರದು.