ಬಲ್ಬ್ ಉರಿದ್ರೆ ವೈರಿಂಗ್ ಸರಿ ಇದೆ ಅಂತಲ್ಲ: ನಮ್ಮ ಹಳೇ ಹೆಂಚಿನ ಮನೆ ವೈರಿಂಗ್ ಬದಲಾಯಿಸಿದ ನನ್ನ ಅನುಭವ

ನಮ್ಮದು ಹೊಸನಗರ ತಾಲೂಕಲ್ಲಿ ಅಜ್ಜ ಕಟ್ಸಿದ ಹೆಂಚಿನ ಮನೆ, ಅರ್ಧ ಮಣ್ಣಿನ ಗೋಡೆ, ಅರ್ಧ ಜಂಬಿಟ್ಟಿಗೆ. ವೈರಿಂಗ್ ಅಂದ್ರೆ ಮರದ ಪಟ್ಟಿ ಮೇಲೆ ಕ್ಲಿಪ್ ಹೊಡೆದು ಎಳೆದ ವೈರು, ಜಗಲಿ ಮೂಲೇಲಿ ಮೀಟರು, ಪಕ್ಕದಲ್ಲಿ ಎರಡು ಪಿಂಗಾಣಿ ಕಿಟ್‌ಕ್ಯಾಟ್ ಫ್ಯೂಸು. ಫ್ಯೂಸ್ ಹೋದ್ರೆ ಅಪ್ಪ ಯಾವ್ದೋ ವೈರಿಂದ ಎರಡು ಎಳೆ ಕಿತ್ತು ಸುತ್ತಿ ಹಾಕ್ತಿದ್ರು, ಲೈಟ್ ಬರ್ತಿತ್ತು, ಅಲ್ಲಿಗೆ ಮುಗೀತು.

ಮಳೆಗಾಲದಲ್ಲಿ ಅಮ್ಮ ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ಗ್ರೈಂಡರ್ ಮುಟ್ಟಿದ್ರೆ ಕೈ ಜುಂ ಅಂತಿತ್ತು. ಎಷ್ಟೋ ವರ್ಷದಿಂದ ಹಂಗೇ ಅಂತೆ. "ಮಳೆಗಾಲ ಅಲ್ವನ, ಗೋಡೆ ಎಲ್ಲ ಒದ್ದೆ, ಅದಕ್ಕೆ" ಅಂತ ಸುಮ್ನಾಗಿದ್ರು. ನಾನು ಶಿವಮೊಗ್ಗದ ಕೆಲಸ ಬಿಟ್ಟು ತೋಟ ನೋಡ್ಕೊಳ್ಳೋಕೆ ಊರಿಗೆ ಬಂದ ವರ್ಷ ಒಂದಿನ ಮೇನ್ ಆಫ್ ಮಾಡಿ ಗ್ರೈಂಡರ್ ಹಾಕೋ ಸಾಕೆಟ್ ಬಿಚ್ಚಿ ನೋಡಿದೆ. ಮೂರು ಪಿನ್ನಿನ ಸಾಕೆಟ್ಟು, ಆದ್ರೆ ಬಂದಿರೋದು ಎರಡೇ ವೈರು. ಮೇಲಿನ ದೊಡ್ಡ ತೂತಿಗೆ, ಅಂದ್ರೆ ಅರ್ಥ್ (ಸೋರಿದ ಕರೆಂಟನ್ನ ಭೂಮಿಗೆ ಒಯ್ಯೋ ವೈರು) ಬರ್ಬೇಕಾದ ಜಾಗಕ್ಕೆ, ಯಾರೋ ನ್ಯೂಟ್ರಲ್‌ನಿಂದಲೇ (ಕರೆಂಟು ವಾಪಸ್ ಹೋಗೋ ವೈರು) ಒಂದು ಗೇಣು ತುಂಡು ವೈರ್ ಕೊಟ್ಟಿದ್ರು.

ಫೋಟೋ ತೆಗೆದು ಭಾವನಿಗೆ ಕಳಿಸಿದೆ. ಅಕ್ಕನ ಗಂಡ, ಲೈಸೆನ್ಸ್ ಇರೋ ಎಲೆಕ್ಟ್ರಿಕಲ್ ಕಾಂಟ್ರಾಕ್ಟರ್. ಅವತ್ತು ಸಂಜೆನೇ ಬಂದ್ರು. "ನೋಡು ಮಾರಾಯ, ನಿಮ್ಮಲ್ಲಿ ಮಳೆಗಾಲಕ್ಕೆ ಎಷ್ಟು ಸಲ ಮರ ಬಿದ್ದು ಲೈನ್ ಕಡಿಯತ್ತೆ? ಅದರಲ್ಲಿ ನ್ಯೂಟ್ರಲ್ ಒಂದೇ ಕಡೀತು, ಕರೆಂಟ್ ತರೋ ಫೇಸ್ ಉಳೀತು ಅನ್ಕೋ. ಆಗ ಗ್ರೈಂಡರ್ ಸ್ವಿಚ್ ಹಾಕಿದ್ರೆ ಅದರ ಬಾಡಿಗೇ ಪೂರ್ತಿ 230 ವೋಲ್ಟ್ ಬರತ್ತೆ" ಅಂದ್ರು. ಅಮ್ಮ ಅಲ್ಲೇ ನಿಂತು ಕೇಳ್ತಿದ್ರು. ಇಡೀ ಮನೆ ವೈರಿಂಗ್ ತೆಗೀಬೇಕು ಅಂತ ಅವತ್ತೇ ತೀರ್ಮಾನ ಆಯ್ತು.

ಲೈಸೆನ್ಸ್ ಇಲ್ದೇ ಈ ಕೆಲಸ ಸ್ವಂತಕ್ಕೆ ಮಾಡೋ ಹಾಗಿಲ್ಲ, ಇದನ್ನ ಮೊದ್ಲೇ ಹೇಳ್ಬಿಡ್ತೀನಿ. ನಾನು ಭಾವನ ಕೈಕೆಳಗೆ ಮಾಡಿದ್ದು, ಲೈನ್ ಕೊಡೋ ಮುಂಚೆ ಪ್ರತಿಯೊಂದು ಕನೆಕ್ಷನ್ ಅವರು ನೋಡಿದಾರೆ, ಟೆಸ್ಟ್ ರಿಪೋರ್ಟಿಗೆ ಸೈನ್ ಹಾಕಿದ್ದೂ ಅವರೇ. ಆದ್ರೆ ಪೈಪ್ ಹೊಡೆದಿದ್ದು, ವೈರ್ ಎಳೆದಿದ್ದು, ಬೋರ್ಡ್ ಕಟ್ಟಿದ್ದು ಎಲ್ಲ ನಾನೇ, ಸುಮಾರು ಎರಡು ತಿಂಗಳು, ಅಡಿಕೆ ಕೊಯ್ಲು ಮುಗಿದ ಮೇಲೆ.

ಮೊದಲ ವಾರ ಬರೀ ಪೇಪರ್ ಮೇಲೆ ಕೆಲಸ. ನಾನು ಎಲ್ಲಾದಕ್ಕೂ 1.5 ಸ್ಕ್ವೇರ್ ಎಂಎಂ ವೈರು, ಪದೇ ಪದೇ ಬೀಳ್ಬಾರ್ದು ಅಂತ ಎಲ್ಲಾದಕ್ಕೂ 16 ಆಂಪ್ ಎಂಸಿಬಿ (ಕರೆಂಟ್ ಜಾಸ್ತಿ ಹರಿದ್ರೆ ಬಿದ್ದು ತಾನಾಗೇ ಆಫ್ ಆಗೋ ಸ್ವಿಚ್ಚು) ಅಂತ ಬರ್ಕೊಂಡಿದ್ದೆ, ಭಾವ ಅದನ್ನ ಪೂರ್ತಿ ಹೊಡೆದು ಹಾಕಿದ್ರು. ಎಂಸಿಬಿ ಇರೋದು ಫ್ಯಾನ್ ಕಾಯೋಕಲ್ಲ, ವೈರ್ ಕಾಯೋಕೆ, ವೈರ್ ಬಿಸಿಯಾಗೋ ಮುಂಚೆ ಅದು ಬೀಳ್ಬೇಕು ಅನ್ನೋದು ನಾನು ಕಲಿತ ಮೊದಲ ಪಾಠ. ಲೈಟು ಫ್ಯಾನಿಗೆ 1.5 ವೈರು 6 ಆಂಪ್ ಎಂಸಿಬಿ, ಒಂದು ಸರ್ಕ್ಯೂಟಿಗೆ 10 ಪಾಯಿಂಟ್ ಅಥವಾ 800 ವ್ಯಾಟ್ ಮೀರಬಾರ್ದು. ಅಡುಗೆಮನೆ 16 ಆಂಪ್ ಸಾಕೆಟ್ಟಿಗೆ 2.5 ವೈರು 16 ಆಂಪ್ ಎಂಸಿಬಿ, ಒಂದು ಸರ್ಕ್ಯೂಟಲ್ಲಿ ಅಂಥ ಸಾಕೆಟ್ ಎರಡಕ್ಕಿಂತ ಜಾಸ್ತಿ ಬೇಡ. ನಮಗೆ ಲೈಟಿಂದು ನಾಲ್ಕು, ಪವರಿಂದು ಮೂರು ಸರ್ಕ್ಯೂಟ್ ಆಯ್ತು. ಒಂದೊಂದು ಸರ್ಕ್ಯೂಟಿಗೂ ಅದರದ್ದೇ ನ್ಯೂಟ್ರಲ್, ಡಿಬಿ (ಎಂಸಿಬಿ ಎಲ್ಲ ಇರೋ ಮೇನ್ ಬಾಕ್ಸು) ತನಕ ಬೇರೆ ಬೇರೆ. ಸ್ವಿಚ್ ಯಾವಾಗ್ಲೂ ಫೇಸಲ್ಲಿ. ಸಾಕೆಟ್ ಎದುರಿಂದ ನೋಡಿದ್ರೆ ಬಲಕ್ಕೆ ಫೇಸ್, ಎಡಕ್ಕೆ ನ್ಯೂಟ್ರಲ್, ಮೇಲೆ ಅರ್ಥ್. ವೈರ್ ಶಿವಮೊಗ್ಗದಿಂದ ತಂದೆ, 90 ಮೀಟರ್ ಕಾಯಿಲ್, ಐಎಸ್‌ಐ ಮಾರ್ಕ್ ಮತ್ತೆ ಐಎಸ್ 694 (ವೈರಿನ ಭಾರತೀಯ ಸ್ಟ್ಯಾಂಡರ್ಡ್ ನಂಬರು) ಅಂತ ಅಚ್ಚಾಗಿರೋದನ್ನ ನೋಡೇ ತಗೊಂಡಿದ್ದು.

ಮಣ್ಣಿನ ಗೋಡೇಲಿ ಪೈಪ್ ಹೂಳೋಕೆ ಆಗಲ್ಲ, ಕೊರೆದ್ರೆ ಉದುರತ್ತೆ, ಸ್ಕ್ರೂನೂ ನಿಲ್ಲಲ್ಲ. ಅದಕ್ಕೆ ಆದಷ್ಟು ತೊಲೆ ಜಂತಿ ಪಕ್ಕದಲ್ಲೇ ಪಿವಿಸಿ ಪೈಪ್ ತಗೊಂಡು ಹೋಗಿ ಸ್ಯಾಡಲ್ (ಪೈಪ್ ಹಿಡಿಯೋ ಕ್ಲಿಪ್) ಹೊಡೆದೆ, ಗೋಡೇಲಿ ಇಳಿಸೋ ಕಡೆ ಮರದ ಗೂಟ ಬಡಿದು ಅದಕ್ಕೆ ಸ್ಕ್ರೂ. ಅಟ್ಟದ ಮೇಲೆ ಇಲಿ ಕಾಟ ಇರೋದ್ರಿಂದ ಅಲ್ಲಿ ಒಂದಿಂಚೂ ಬರೀ ವೈರ್ ಬಿಡ್ಲಿಲ್ಲ, ಪೈಪ್ ಒಳಗೆ ಎಲ್ಲೂ ಜಾಯಿಂಟ್ ಇಲ್ಲ.

ನನಗೆ ಜಾಸ್ತಿ ತಲೆ ಕೆಟ್ಟಿದ್ದು ಅರ್ಥಿಂಗ್ ವಿಷಯದಲ್ಲಿ. ಗುಂಡಿಗೆ ಪೈಪ್ ಹಾಕಿ ಉಪ್ಪು ಇದ್ದಿಲು ತುಂಬಿದ್ರೆ ಶಾಕ್ ಹೊಡೆಯಲ್ಲ ಅಂತ ನಾನು ಅನ್ಕೊಂಡಿದ್ದೆ. ಬಚ್ಚಲ ನೀರು ಹೋಗೋ ಕಡೆ, ಗೋಡೆಯಿಂದ ಒಂದೂವರೆ ಮೀಟರ್ ದಾಟಿ, ಎರಡೂವರೆ ಮೀಟರಿನ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪ್ ಇಳಿಸಿದ್ವಿ. ಆ ಜಾಗ ಆರಿಸಿದ್ದಕ್ಕೆ ಕಾರಣ ಇದೆ, ನಮ್ಮ ಕಡೆ ಜೂನಿಂದ ನೆಲ ನೆನೆದು ಮುದ್ದೆ ಆಗಿರತ್ತೆ, ಆದ್ರೆ ಮಾರ್ಚ್ ಏಪ್ರಿಲಲ್ಲಿ ಅದೇ ಕೆಂಪು ಮಣ್ಣು ಕಲ್ಲಾಗತ್ತೆ, ಒಣಗಿದ ಮಣ್ಣಲ್ಲಿ ಅರ್ಥ್ ಸರಿಯಾಗಿ ಕೆಲಸ ಮಾಡಲ್ಲ. ಅರ್ಥ್ ಟೆಸ್ಟರ್ ಇಟ್ಟು ಅದರ ರೆಸಿಸ್ಟೆನ್ಸ್ (ಕರೆಂಟಿಗೆ ಇರೋ ಅಡ್ಡಿ, ಕಡಿಮೆ ಇದ್ದಷ್ಟೂ ಒಳ್ಳೇದು) ಅಳೆದಾಗ 9 ಓಮ್ ಬಂತು. ಭಾವ ಒಂದು ಚೀಟಿ ಮೇಲೆ 230 ಭಾಗಿಸು 9 ಅಂತ ಬರೆದು ನನ್ನ ಕೈಗೆ ಕೊಟ್ರು. ಸುಮಾರು 25 ಆಂಪ್. ಗ್ರೈಂಡರ್ ಬಾಡಿಗೆ ಫೇಸ್ ತಾಗಿದ್ರೆ ಭೂಮಿಗೆ ಹರಿಯೋದು ಹೆಚ್ಚಂದ್ರೆ ಅಷ್ಟು, ಟ್ರಾನ್ಸ್‌ಫಾರ್ಮರ್ ಕಡೆ ಅರ್ಥ್ ಸೇರಿಸಿದ್ರೆ ಇನ್ನೂ ಕಡಿಮೆ. 16 ಆಂಪ್ ಎಂಸಿಬಿ ಅಷ್ಟಕ್ಕೆಲ್ಲ ತಕ್ಷಣ ಬೀಳಲ್ಲ, ಅಲ್ಲಿತನಕ ಬಾಡಿ ಲೈವಾಗೇ ಇರತ್ತೆ! ಆರ್‌ಸಿಸಿಬಿ, ಅಂದ್ರೆ ಕರೆಂಟ್ ಸೋರಿದ್ರೆ ಲೈನ್ ಕಡಿಯೋ ಸ್ವಿಚ್ಚು, ಯಾಕೆ ಬೇಕು ಅಂತ ನನಗೆ ಅರ್ಥ ಆಗಿದ್ದು ಆ ಚೀಟಿ ನೋಡಿದ ಮೇಲೇ. ಫೇಸಲ್ಲಿ ಹೋದ ಕರೆಂಟು ನ್ಯೂಟ್ರಲಲ್ಲಿ ವಾಪಸ್ ಬಂತಾ ಅಂತ ಅದು ನೋಡ್ತಾ ಇರತ್ತೆ, 30 ಮಿಲಿಆಂಪ್ ವ್ಯತ್ಯಾಸ ಆಗೋದ್ರೊಳಗೆ ಕಟ್ ಮಾಡತ್ತೆ. 40 ಆಂಪ್, 30 ಮಿಲಿಆಂಪಿಂದು ಹಾಕಿದ್ವಿ.

ಲೈನ್ ಕೊಟ್ಟ ದಿನ ಎಲ್ಲಾ ಲೈಟು ಉರೀತು, ಅಮ್ಮ ಪಾಯಸ ಮಾಡಿದ್ರು. ಮಾರನೇ ದಿನ ಇಸ್ತ್ರಿ ಪೆಟ್ಟಿಗೆ ಹಾಕಿದ ಕೂಡ್ಲೆ ಆರ್‌ಸಿಸಿಬಿ ಬಿತ್ತು. ಎತ್ತಿದೆ, ನಿಂತಿತು, ಗ್ರೈಂಡರ್ ಹಾಕಿದ್ರೆ ಮತ್ತೆ ಬಿತ್ತು. ಒಂದೊಂದೇ ಎಂಸಿಬಿ ಆಫ್ ಮಾಡಿ ನೋಡಿದೆ, ಯಾವ ಸರ್ಕ್ಯೂಟ್ ಅಂತ ಗೊತ್ತಾಗ್ಲಿಲ್ಲ. ಕೊನೆಗೆ ಏಳೂ ಎಂಸಿಬಿ ಆಫ್ ಇದ್ದಾಗ್ಲೂ ಸಂಜೆ ಏಳು ಗಂಟೆಗೆ, ಊರೆಲ್ಲ ಲೈಟ್ ಹಾಕೋ ಹೊತ್ತಿಗೆ, ತಾನಾಗೇ ಬಿತ್ತು. ಪರಿಚಯದ ಎಲೆಕ್ಟ್ರೀಷಿಯನ್ ಒಬ್ರು "ಅದು ಮಲ್ನಾಡಿಗೆ ಆಗ್ಬರಲ್ಲ, ಬೈಪಾಸ್ ಮಾಡಿ ಬಿಡಿ" ಅಂದ್ರು, ಸುಮಾರು ಮನೇಲಿ ಹಂಗೇ ಮಾಡಿರೋದನ್ನ ನಾನೂ ನೋಡಿದೀನಿ. ನಾನು ಒಪ್ಲಿಲ್ಲ.

ಭಾವ ಫೋನಲ್ಲೇ ಹೇಳಿದ್ರು, "ನಿನ್ನ ಎಂಸಿಬಿ ಸಿಂಗಲ್ ಪೋಲ್ ಅಲ್ವನ, ಅದು ಫೇಸ್ ಮಾತ್ರ ಕಡಿಯತ್ತೆ, ನ್ಯೂಟ್ರಲ್ ಹಂಗೇ ಇರತ್ತೆ. ಎಲ್ಲೋ ನ್ಯೂಟ್ರಲ್ ಹೋಗಿ ಅರ್ಥಿಗೆ ತಾಗಿದೆ, ಅಲ್ಲಿಂದ ಸ್ವಲ್ಪ ಕರೆಂಟ್ ಭೂಮಿಗೆ ಹರೀತಿದೆ, ಅದಕ್ಕೇ ಬೀಳ್ತಿದೆ." ಮೇನ್ ಆಫ್ ಮಾಡಿ ನ್ಯೂಟ್ರಲ್ ಬಾರಿಂದ ಏಳೂ ಕಪ್ಪು ವೈರ್ ಬಿಚ್ಚಿ, ಲೈಟು ರೆಗ್ಯುಲೇಟರ್ ಎಲ್ಲ ಕಳಚಿ, ಅವರ 500 ವೋಲ್ಟ್ ಮೆಗ್ಗರ್ (ವೈರಿನ ಸಿಪ್ಪೆ ಎಲ್ಲಾದ್ರೂ ಸೋರತ್ತಾ ಅಂತ ಅಳೆಯೋ ಮೀಟರು) ತಂದು ಒಂದೊಂದು ನ್ಯೂಟ್ರಲ್‌ನೂ ಅರ್ಥಿಗೆ ಹಿಡಿದು ನೋಡಿದೆ. 1 ಮೆಗಾಓಮ್‌ಗಿಂತ ಕೆಳಗೆ ಬರಬಾರ್ದು. ಆರು ವೈರ್ ನೂರರ ಮೇಲೆ ತೋರಿಸ್ತು, ಐದನೇದು ಮಾತ್ರ ಸೊನ್ನೆ.

ಅದು ದೇವರ ಕೋಣೆ ಮತ್ತೆ ನಡುಮನೆ ಸರ್ಕ್ಯೂಟ್. ಬೋರ್ಡ್ ಒಂದೊಂದಾಗಿ ಬಿಚ್ತಾ ಹೋದೆ, ಮೂರನೇದರಲ್ಲಿ ಸಿಕ್ತು. ವೈರ್ ಉದ್ದ ಬಿಟ್ಟು ಕಬ್ಬಿಣದ ಬಾಕ್ಸ್ ಒಳಗೆ ತುರುಕಿದ್ದೆ, ಪ್ಲೇಟ್ ಕೂರಿಸುವಾಗ ಎಡಗಡೆ ಕೆಳಗಿನ ಸ್ಕ್ರೂ ಕಪ್ಪು ವೈರಿನ ಸಿಪ್ಪೆ ಸೀಳ್ಕೊಂಡು ಹೋಗಿತ್ತು. ಅಕ್ಕಿಕಾಳಷ್ಟು ತಾಮ್ರ ಕಾಣ್ತಿತ್ತು ಅಷ್ಟೇ. ಸ್ಕ್ರೂ ಬಾಕ್ಸಿಗೆ, ಬಾಕ್ಸ್ ಅರ್ಥಿಗೆ. ಆ ತುಂಡು ಕತ್ತರಿಸಿ ವೈರ್ ಹೊಸದಾಗಿ ಎಳೆದು, ಬಾಕ್ಸಲ್ಲಿ ಒಂದು ಗೇಣು ಮಾತ್ರ ಬಿಟ್ಟು ಮಡಚಿ ಕೂರಿಸಿ ಮತ್ತೆ ಮೆಗ್ಗರ್ ಹಿಡಿದೆ, ಆಮೇಲೆ ಸುಮ್ನೆ ಇರೋಕಾಗ್ದೆ ಇಡೀ ಮನೆ ಬೋರ್ಡ್ ಎಲ್ಲ ಬಿಚ್ಚಿ ನೋಡಿದೆ. ಆರ್‌ಸಿಸಿಬಿ ಇಲ್ದಿದ್ರೆ ಆ ಸ್ಕ್ರೂ ವರ್ಷಗಟ್ಟಲೆ ಹಂಗೇ ಇರ್ತಿತ್ತು, ಲೈಟ್ ಅಂತೂ ಚೆನ್ನಾಗೇ ಉರೀತಿತ್ತು.

ಈಗ ತಿಂಗಳಿಗೊಂದ್ಸಲ ಅಮ್ಮನೇ ಆರ್‌ಸಿಸಿಬಿ ಟೆಸ್ಟ್ ಬಟನ್ ಒತ್ತಿ ನೋಡ್ತಾರೆ. ಬಿದ್ದ ಮೇಲೆ ಎತ್ತೋದೂ ಅವರೇ, ಕ್ಯಾಲೆಂಡರ್‌ನಲ್ಲಿ ಗುರುತು ಹಾಕ್ತಾರೆ. ಅರ್ಥ್ ಆಗಸ್ಟಲ್ಲಿ ಅಳೆದಾಗ 3 ಓಮ್ ಇತ್ತು, ಈ ಏಪ್ರಿಲಲ್ಲಿ 8. ಭಾವ ಬೇಸಿಗೇಲೂ 5ರ ಒಳಗೆ ಬರ್ಲೇಬೇಕು ಅಂತಾರೆ, ಅದಕ್ಕೆ ಕೊಟ್ಟಿಗೆ ಹಿಂದೆ, ಮೊದಲಿನ ಪೈಪಿಂದ 5 ಮೀಟರ್ ದೂರದಲ್ಲಿ ಇನ್ನೊಂದು ಪೈಪಿಗೆ ಗುಂಡಿ ತೋಡ್ತಾ ಇದೀನಿ. ನಾಲ್ಕು ಅಡಿಗೆ ಜಂಬಿಟ್ಟಿಗೆ ಕಲ್ಲು ಸಿಕ್ಕಿದೆ, ಹಾರೆ ಇಳೀತಿಲ್ಲ, ಮೊದಲ ಮಳೆ ಬಿದ್ಮೇಲೆ ಮುಂದುವರಿಸ್ಬೇಕು.